ನೀಲಿ ಅಂದರೆ ಆಗದ ಜೋಡಿಯಕ್ಕ

ಜೋಡಿಯಕ್ಕನಿಗೆ ಹನಿಯಾಕಾರದ ಹರಳು ಕಂಡರೆ ಆಗುತ್ತಿರಲಿಲ್ಲ. ಅದು ಕಣ್ಣೀರಿನ ಹಾಗಿದೆ, ಹಾಕಿಕೊಂಡವರನ್ನು ಅಳಿಸುತ್ತದೆ ಎಂದಲ್ಲ. ಶಕುನ ಗಿಕುನ ನಂಬಿದವಳೇ ಅಲ್ಲ ಅವಳು. ಎಡಗಿವಿಯದಕ್ಕೆ ಬಲಗಿವಿಯದನ್ನು ಜೋಡಿ ಮಾಡುವಾಗ ಹನಿಯ ಚೂಪು ತುದಿ ಕೂದಲೆಳೆಯಷ್ಟು ಓರೆಯಾದರೂ ಹಾಕಿಕೊಂಡವಳ ಮುಖವೇ ಓರೆಯಾಗಿ ಕಾಣುತ್ತದೆ, ಸಾಣೆ ಹಿಡಿದವನ ಸೋಮಾರಿತನಕ್ಕೆ ತಾನು ಬೈಸಿಕೊಳ್ಳಬೇಕು ಎಂಬುದು ಅವಳ ಸಿಟ್ಟು. ಹೃದಯದಾಕಾರದ್ದು ಬಂದರಂತೂ ಚಿಮಟದ ತುದಿಯಲ್ಲಿ ಸತ್ತ ಜಿರಳೆಯನ್ನು ಎತ್ತಿದ ಹಾಗೆ ಎತ್ತಿ ಪಕ್ಕಕ್ಕಿಡುತ್ತಿದ್ದಳು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಪಚ್ಚೆಯ ಮೇಲೆ ಗೌರವವಿತ್ತು, ಪ್ರೀತಿ ಇರಲಿಲ್ಲ. "ಒಳಗೆ ಇಳಿದ್ರೆ ಮೇಲೆ ಬರೋಕೆ ದಾರಿ ಇಲ್ಲ, ಅಂಥ ಹರಳು ಅದು" ಎನ್ನುತ್ತಿದ್ದಳು. ಮುಖಗಳನ್ನು ಕಡಿಯದೆ ಬರೀ ಗುಂಡಗೆ ನಯ ಮಾಡಿದ ಬೋಳು ಹರಳು ಅವಳಿಗೆ ಇಷ್ಟ, ಅದರಲ್ಲೂ ದಾಳಿಂಬೆ ಬೀಜದ ಕೆಂಪಿನದು. ಎಲ್ಲಕ್ಕಿಂತ ಇಷ್ಟ ಗೋಮೇಧಕ. ದಿಂಬಿನ ಹಾಗೆ ನಾಲ್ಕು ಮೂಲೆಯೂ ಮೆತ್ತಗಾಗಿ, ಒಳಗೆ ಜೇನು ಕದಡಿಟ್ಟ ಹಾಗಿರುವುದು. ಅದು ಬಂದ ದಿನ ಊಟಕ್ಕೆ ಏಳುವುದು ಹತ್ತು ನಿಮಿಷ ತಡ.

ಹರಳುಗಳನ್ನು ಜೋಡಿ ಕೂಡಿಸುವುದೇ ಅವಳ ಕೆಲಸ, ಅದಕ್ಕೇ ಆ ಹೆಸರು. ಮೂವತ್ತೊಂದು ವರ್ಷದಿಂದ ಅದೇ ಮೂರನೆಯ ಮಹಡಿ, ಅದೇ ಬಡಗಣ ಕಿಟಕಿ. ಆ ಕಿಟಕಿಯಲ್ಲಿ ಬಿಸಿಲು ಬೀಳುವುದಿಲ್ಲ, ಬೆಳಗಿನಿಂದ ಸಂಜೆಯವರೆಗೆ ಬೆಳಕು ಒಂದೇ ಸಮ. ಕಿಟಕಿಗೆ ಒತ್ತಿ ಒಂದು ಮೇಜು, ಮೇಜಿನ ಮೇಲೆ ಬಿಳಿ ಕಾಗದ, ಕಾಗದದ ಮೇಲೆ ಹರಳಿನ ರಾಶಿ. ಇನ್ನೂರು ಹರಳಿನಲ್ಲಿ ಒಂದಕ್ಕೊಂದು ಅಕ್ಕತಂಗಿಯರಂತಿರುವ ಎರಡನ್ನು ಹೆಕ್ಕಿ ಪೊಟ್ಟಣ ಕಟ್ಟಬೇಕು. ಆ ಕೆಲಸದ ಮನೆಯಲ್ಲಿ ಕಿಟಕಿಯ ಜಾಗವೆಂದರೆ ಮನೆಗೆ ಹಿರಿಮಗಳಿದ್ದ ಹಾಗೆ. ಹಿಂದಿನ ಕೋಣೆಯಲ್ಲಿ ಸಾಣೆ ಚಕ್ರಗಳು ದಿನವಿಡೀ ಗೊರಗೊರ ಎನ್ನುತ್ತಿದ್ದರೂ, ಯಜಮಾನಿ ಮುಂದಿನ ಕೋಣೆಯಲ್ಲಿ ಫೋನಿನಲ್ಲಿ ಕೂಗುತ್ತಿದ್ದರೂ, ಕಿಟಕಿಯವಳನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಜರಡಿಯವಳೊಬ್ಬಳನ್ನು ಬಿಟ್ಟು.

ಜರಡಿಯವಳು ಹರಳುಗಳನ್ನು ಸಣ್ಣ ಸಣ್ಣ ತೂತಿನ ಜರಡಿಗಳಲ್ಲಿ ಅಲ್ಲಾಡಿಸಿ ಗಾತ್ರದ ಮೇಲೆ ಬೇರೆ ಮಾಡುವವಳು. ಜೋಡಿಯಕ್ಕನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಬಾಯಿ ಹತ್ತು ವರ್ಷಕ್ಕೆ ದೊಡ್ಡದು. ಕಿಟಕಿಗೆ ಬೆನ್ನು ಹಾಕಿ ಗೋಡೆಯ ಕಡೆ ಕೂರುವುದು ಅವಳ ಪಾಲಿಗೆ ಬಂದದ್ದು. ಆ ಬೆನ್ನಿನಿಂದಲೇ ಮಾತು ಬರುತ್ತಿತ್ತು.

ಇಂಥ ಜೋಡಿಯಕ್ಕನ ಜೀವಕ್ಕೆ ಭಯ ಹೊಕ್ಕಿದ್ದು ಒಂದು ಧೂಳಿನ ಕಣದಿಂದ. ಐವತ್ತೊಂಬತ್ತು ತುಂಬಿದ ವರ್ಷ, ಒಂದು ಬೆಳಗ್ಗೆ ಎಡಗಣ್ಣಿಗೆ ಏನೋ ಬಿದ್ದು ಚುಚ್ಚಿತು. ಆ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಬಲಗಣ್ಣಿನಲ್ಲಿ ಕೆಲಸ ಮುಂದುವರಿಸಿದಳು. ಮುಂದಿದ್ದ ನೀಲದ ಹರಳು ಬೂದಿ ಮೆತ್ತಿದ ಹಾಗೆ ಕಂಡಿತು. ಕಾಗದ ಕೊಳೆಯಾಗಿದೆಯೇನೋ ಎಂದು ಬದಲಾಯಿಸಿದಳು. ಹರಳನ್ನು ಬಟ್ಟೆಯಲ್ಲಿ ಒರೆಸಿದಳು. ಕೈ ಬದಲಿಸಿ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರೆ ಅದೇ ಹರಳು ನೀಲಿ. ಮತ್ತೆ ಬಲಗಣ್ಣು, ಬೂದಿ. ಒಂದೇ ತಲೆಯಲ್ಲಿದ್ದ ಎರಡು ಕಣ್ಣು ಒಂದೇ ಹರಳಿಗೆ ಎರಡು ಸಾಕ್ಷಿ ಹೇಳುತ್ತಿದ್ದವು. ಜೋಡಿಯಕ್ಕ ಚಿಮಟ ಕೆಳಗಿಟ್ಟು, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಸ್ವಲ್ಪ ಹೊತ್ತು ಹಾಗೇ ಕೂತಳು.

ಅವಳಿಗೆ ಅಮ್ಮ ನೆನಪಾಗಿದ್ದಳು. ಅಮ್ಮನಿಗೂ ಇದೇ ವಯಸ್ಸು. ಒಂದು ದಿನ ಬಿಳಿ ಅಂಗಿಗೆ ಹಳದಿ ದಾರದಲ್ಲಿ ಗುಂಡಿ ಹೊಲಿದು, ಮಕ್ಕಳು ನಕ್ಕಾಗ ತಾನೂ ನಕ್ಕಳು. ಮೂರು ವರ್ಷಕ್ಕೆ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವ ಹಾಗಾಯಿತು. ಆಸ್ಪತ್ರೆ ಎಂದರೆ, "ಪಕ್ಕದ ಬೀದಿಯವಳ ಕಣ್ಣು ಕುಯ್ದು ಪೂರ್ತಿ ಹೋಯ್ತು, ನನಗೆ ಇಷ್ಟಾದ್ರೂ ಬೆಳಕು ಇರ್ಲಿ" ಎಂದು ಹಟ ಹಿಡಿದಳು. ಆ ಇಷ್ಟು ಬೆಳಕೂ ಹೋದ ಮೇಲೆ ಅಡುಗೆಮನೆಯ ಬಾಗಿಲ ಪಕ್ಕ ಒಂದು ಚಾಪೆ, ಹನ್ನೊಂದು ವರ್ಷ. ಯಾರು ಹತ್ತಿರ ಸುಳಿದರೂ "ಯಾರದು?" ಎಂದು ಕೈ ಚಾಚಿ ತಲೆ ಸವರಿ ಗುರುತು ಹಿಡಿಯುತ್ತಿದ್ದಳು. ಒಂದು ಸಂಜೆ ಕೆಲಸದಿಂದ ಸೋತು ಬಂದಿದ್ದ ಜೋಡಿಯಕ್ಕ ಅಮ್ಮನೆದುರಿಗೇ ಗೋಡೆಗೊರಗಿ ಕೂತಳು. "ಯಾರದು?" ಎಂದಳು ಅಮ್ಮ. ಜೋಡಿಯಕ್ಕನಿಗೆ ಒಂದು ಮಾತಾಡುವಷ್ಟೂ ತ್ರಾಣ ಇರಲಿಲ್ಲ, ಅಥವಾ ಮನಸ್ಸಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಗಾಳಿಗೆ ಹೇಳಿದಳು, "ಯಾರೂ ಇಲ್ಲ ಅಂತ ಕಾಣುತ್ತೆ." ಆ ಮಾತು ಇಷ್ಟು ವರ್ಷವಾದರೂ ಅವಳೊಳಗೆ ಮುಳ್ಳಿನ ಹಾಗೆ ಮುರಿದುಕೊಂಡೇ ಇತ್ತು.

ಕಿಟಕಿ ಹೋದರೆ ತನಗೂ ಆ ಚಾಪೆಯೇ ಎಂದು ಅವಳು ತಿಳಿದಳು. ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಬಸ್ ಓಡಿಸಿ ನಿವೃತ್ತನಾದ ಆತನಿಗೆ ಬಣ್ಣದ ವಿಷಯ ಹೇಳಿ ಪ್ರಯೋಜನವೂ ಇರಲಿಲ್ಲ. "ನನಗೆ ಗೊತ್ತಿರೋದು ಮೂರೇ ಬಣ್ಣ ಮಾರಾಯ್ತಿ, ಮೂರೂ ಸಿಗ್ನಲ್‌ನಲ್ಲಿರೋವು" ಎನ್ನುವ ಮನುಷ್ಯ.

ಎಲ್ಲರೆದುರು ಒಂದು ಕಣ್ಣು ಮುಚ್ಚಿಕೊಂಡು ಕೆಲಸ ಮಾಡುವ ಹಾಗಿರಲಿಲ್ಲ. ಅವಳಿಗೆ ಸಿಕ್ಕ ಮೊದಲ ಉಪಾಯ ಅವಳ ಇಷ್ಟಾನಿಷ್ಟವೇ. ಒಂದು ದಿನ ನೀಲದ ಪೊಟ್ಟಣ ಬಂದಾಗ ಮುಖ ಸಿಂಡರಿಸಿ, "ಇದನ್ನ ಬೇರೆಯವರಿಗೆ ಕೊಡಿ, ನನಗೆ ಯಾಕೋ ಈಚೆಗೆ ನೀಲಿ ಅಂದ್ರೆ ಆಗೋಲ್ಲ" ಎಂದುಬಿಟ್ಟಳು.

ಗೋಡೆಯ ಕಡೆಯಿಂದ ಜರಡಿಯವಳ ಬೆನ್ನು ಮಾತಾಡಿತು: "ಹನಿ ಆಗಲ್ಲ, ಹೃದಯ ಆಗಲ್ಲ, ಈಗ ನೀಲಿನೂ ಆಗಲ್ಲ. ಏನೇ, ನೀಲಿ ಏನು ನಿನ್ನ ನಾದಿನೀನಾ?"

ಎಲ್ಲರೂ ನಕ್ಕರು. ಯಾರಿಗೂ ಅನುಮಾನ ಬರಲಿಲ್ಲ. ಮೂವತ್ತು ವರ್ಷ ಅವಳ ಬೇಕು ಬೇಡಗಳನ್ನು ಸಹಿಸಿದವರಿಗೆ ಇದೊಂದು ಹೆಚ್ಚಲ್ಲ. ಆದರೆ ಹರಳಿನ ಮನೆಯಲ್ಲಿ ನೀಲಿ ಬೇಡವೆಂದರೆ ಎಷ್ಟು ದಿನ ನಡೆದೀತು? ಎರಡು ಪೊಟ್ಟಣ ತಪ್ಪಿಸಿಕೊಂಡರೆ ಮೂರನೆಯದು ಬಂದೇ ಬರುತ್ತಿತ್ತು. ಆಗ ಹೊಳೆದದ್ದು ಎರಡನೆಯ ಉಪಾಯ, ಜಗಳ.

"ನೋಡೇ, ಇದು ನೇರಳೆಗೆ ತಿರುಗಿದೆ" ಎಂದು ಯಾವುದೋ ಒಂದನ್ನು ತೋರಿಸುವಳು.

ಜರಡಿಯವಳು ತಿರುಗಿ ನೋಡುವಳು. "ಯಾವುದು, ಇದಾ? ನೇರಳೆ ನಿನ್ನ ತಲೆ. ಅಚ್ಚ ನೀಲಿ. ಆ ಮೂಲೇಲಿದ್ಯಲ್ಲ, ಅದು ನೇರಳೆ."

"ಜರಡಿ ಅಲ್ಲಾಡಿಸೋಳಿಗೆ ಬಣ್ಣ ಏನು ಗೊತ್ತು?"

"ಜರಡಿ ಅಲ್ಲಾಡಿದ್ರೂ ಕಣ್ಣು ಅಲ್ಲಾಡಿಲ್ಲ ನಂದು. ಇದಕ್ಕೆ ಜೋಡಿ ಅಗೋ ಅದು, ಎರಡನೇ ಸಾಲಿಂದು. ಇಟ್ಟು ನೋಡು."

"ಸರಿ ಬಿಡು, ನೀನೇ ಗೆದ್ದೆ."

ಹೀಗೆ ಎಂಟು ತಿಂಗಳು ಅವಳು ಇನ್ನೊಬ್ಬಳ ಕಣ್ಣಿನಲ್ಲಿ ನೀಲಿ ನೋಡಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಅಷ್ಟರಲ್ಲಿ ಎಡಗಣ್ಣೂ ಬಲಗಣ್ಣಿನ ದಾರಿ ಹಿಡಿಯಿತು. ಮೆಟ್ಟಿಲು ಹತ್ತುವಾಗ ಬೆಳಗ್ಗೆ ಬೆಳಗ್ಗೆ ಎದುರಿನ ಅಂಗಡಿಯ ನೀಲಿ ಬಾಗಿಲನ್ನು ನೋಡಿ, ಇವತ್ತು ನಿನ್ನೆಗಿಂತ ಎಷ್ಟು ಮಾಸಿದೆ ಎಂದು ಪರೀಕ್ಷೆ ಮಾಡುವುದು ಅಭ್ಯಾಸವಾಯಿತು. ಆ ಬಾಗಿಲು ಮಾತ್ರ ಪ್ರತಿ ವಾರ ಬೂದಿಯಾಗುತ್ತಾ ಹೋಯಿತು.

ಒಂದು ಸೋಮವಾರ ಶಾಲೆಯ ಹೆಡ್‌ಮಿಸ್ಸೊಬ್ಬರು ಮೆಟ್ಟಿಲು ಹತ್ತಿ ಬಂದರು. ಇಸ್ತ್ರಿ ಮಾಡಿದ ಬಟ್ಟೆ, ಇಸ್ತ್ರಿ ಮಾಡಿದ ಮಾತು. ಚೀಲದಿಂದ ಒಂದು ಹಾರ ತೆಗೆದು ಯಜಮಾನಿಯ ಮೇಜಿನ ಮೇಲೆ ಇಟ್ಟರು. ದಿಂಬಿನಾಕಾರದ ನೀಲಗಳು.

"ಹತ್ತೊಂಬತ್ತು ಇದ್ವು. ಒಂದು ಎಲ್ಲೋ ಬಿದ್ದುಹೋಯ್ತು. ಭಾನುವಾರ ಸಂಜೆ ಮಗಳ ಮದುವೆ ಊಟ, ಅಷ್ಟರೊಳಗೆ ಆಗ್ಬೇಕು" ಎಂದರು. ದನಿ ತಗ್ಗಿಸಿ, "ಹುಡುಗನ ಚಿಕ್ಕಮ್ಮ ಒಬ್ಬಳಿದ್ದಾಳೆ. ಹದ್ದಿನ ಕಣ್ಣು. ನನ್ನ ಮಗಳಲ್ಲೇ ಒಂಬತ್ತು ತಪ್ಪು ಹುಡುಕಿದವಳು, ಹಾರದಲ್ಲಿ ಹುಡುಕದೆ ಬಿಡ್ತಾಳಾ?"

ಯಜಮಾನಿ ನಕ್ಕು ಒಳಗಿನಿಂದ ಜೋಡಿಯಕ್ಕನನ್ನು ಕರೆದರು. ಮೂವತ್ತನಾಲ್ಕರ ಹೆಂಗಸು, ತಂದೆಯ ಕಾಲದಿಂದ ಜೋಡಿಯಕ್ಕನನ್ನು ಕಂಡವರು. "ಜೋಡಿಯಕ್ಕಾ, ನಿಮಗೆ ನೀಲಿ ಆಗಲ್ಲ ಅಂತ ಗೊತ್ತು. ಆದ್ರೆ ಇದನ್ನ ಬೇರೆ ಯಾರ ಕೈಗೂ ಕೊಡೋ ಹಾಗಿಲ್ಲ."

ಹೆಡ್‌ಮಿಸ್ಸು ಅವಳ ಮುಖ ನೋಡಿ ಹೇಳಿದರು, "ನಿಮ್ಮ ಕಣ್ಣಿನ ಮೇಲೆ ಬಿಟ್ಟಿದ್ದೀನಮ್ಮ."

ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಜೋಡಿಯಕ್ಕ ಹಾರ ಎತ್ತಿಕೊಂಡು ಕಿಟಕಿಗೆ ಬಂದಳು.

ಅದೇ ವಾರ ಒಬ್ಬ ವ್ಯಾಪಾರಿಯಿಂದ ನೀಲಗಳ ಹೊಸ ರಾಶಿ ಬಂದಿತ್ತು, ನಲವತ್ತು ಹರಳು. ಆಕಾರ, ದಪ್ಪ, ಮೂಲೆಯ ಮೆದುತನ ಇವನ್ನು ಅವಳು ಕಣ್ಣು ಕಟ್ಟಿದರೂ ಹೇಳಬಲ್ಲಳು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದನ್ನೇ ಉರುಳಿಸಿ ಉರುಳಿಸಿ ಮೂರನ್ನು ಉಳಿಸಿಕೊಂಡಳು. ಮೂರನ್ನೂ ಹಾರದ ಖಾಲಿ ಜಾಗದ ಪಕ್ಕ ಇಟ್ಟಳು. ಅವಳಿಗೆ ಮೂರೂ ಒಂದೇ, ಹಾರವೂ ಒಂದೇ, ಎಲ್ಲ ಸುಟ್ಟ ಇದ್ದಿಲಿನ ಬಣ್ಣ.

"ಮೊದಲನೇದೇ ಸರಿ" ಎಂದಳು ಗಟ್ಟಿಯಾಗಿ.

ಬೆನ್ನು ತಿರುಗಿತು. "ಮೊದಲನೇದಾ? ಅದು ತೊಳೆದ ನೀಲಿ ಕಣೇ. ಮಧ್ಯದ್ದು ನೋಡು, ರಕ್ತಸಂಬಂಧ ಇದ್ದ ಹಾಗೆ ಕೂತಿದೆ."

"ಮಧ್ಯದ್ದು ಕಪ್ಪಾಯ್ತು."

"ಕಪ್ಪಾಗಿದ್ರೆ ನನ್ನ ಕಿವಿ ಕುಯ್ಕೊ."

ಹೀಗೆ ಮಧ್ಯದ್ದು ಆಯಿತು. ಇನ್ನು ಉಳಿದದ್ದು ದೀಪ.

ಆ ಕೆಲಸದ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾವ ಜೋಡಿಯೂ ಎರಡು ಬೆಳಕು ಕಾಣದೆ ಹೊರಗೆ ಹೋಗಬಾರದು, ಹಗಲಿನಲ್ಲಿ ಒಮ್ಮೆ, ದೀಪದಲ್ಲಿ ಒಮ್ಮೆ. ನೀಲಗಳಲ್ಲಿ ಕೆಲವಕ್ಕೆ ಎರಡು ನಾಲಿಗೆ ಎನ್ನುತ್ತಿದ್ದರು. ಕಿಟಕಿಯಲ್ಲಿ ನೀಲಿ ಎಂದು ಹೇಳಿ, ಹಳದಿ ದೀಪದ ಕೆಳಗೆ ಹೋದ ಕೂಡಲೇ ನೇರಳೆ ಎಂದು ಮಾತು ಬದಲಿಸುವಂಥವು. ಅದನ್ನು ಹಿಡಿಯಲೆಂದೇ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಹಳೆಯ ಕಾಲದ ತಂತಿಯ ಬಲ್ಬೊಂದನ್ನು ಕಾಪಾಡಿಕೊಂಡು ಬಂದಿದ್ದರು. ಜೋಡಿಯಕ್ಕ ಹಾರ, ಹರಳು ಹಿಡಿದು ಒಳಕೋಣೆಗೆ ಹೋದಳು. ಹರಳು ಕಟ್ಟುವವನು ಅಲ್ಲೇ ಮೂಲೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ತಂತಿ ಬಗ್ಗಿಸುತ್ತಾ ಕೂತಿದ್ದ. ದೀಪ ಹಾಕಿದರೆ ಅವನು ಎದ್ದು ಬಂದು "ಹೇಗಿದೆ?" ಎಂದು ಕೇಳುತ್ತಾನೆ. ಏನು ಹೇಳುವುದು? ಹಳದಿ ದೀಪದಲ್ಲಿ ಅವಳಿಗೆ ನೀಲವೆಲ್ಲ ಕರಿ. ಇಷ್ಟು ತಿಂಗಳು ನೀಲದ ಜೋಡಿಗಳನ್ನು ದೀಪದಲ್ಲಿ ಅವನೇ ನೋಡಿ ಹೇಳುತ್ತಿದ್ದ, ಈ ಹಾರವನ್ನು ಮಾತ್ರ ಬೇರೆ ಯಾರ ಕಣ್ಣಿಗೂ ಬಿಡುವ ಹಾಗಿರಲಿಲ್ಲ. ಜರಡಿಯವಳನ್ನು ಕರೆದು ಜಗಳ ಆಡೋಣವೆಂದರೆ ಇಲ್ಲಿಯವರೆಗೆ ಯಾವತ್ತೂ ಒಳಕೋಣೆಗೆ ಕರೆದವಳಲ್ಲ. ಸ್ವಿಚ್ಚಿನ ಮೇಲಿಟ್ಟ ಕೈ ಹಾಗೇ ಹಿಂದೆ ಬಂತು.

"ಎರಡೂ ಬೆಳಕು ಆಯ್ತಾ?" ಯಜಮಾನಿ ಕೇಳಿದರು.

"ಆಯ್ತು" ಎಂದಳು ಜೋಡಿಯಕ್ಕ.

ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಹೇಳಿದ ಮೇಲೆ ಹೂಜಿಯ ಹತ್ತಿರ ಹೋಗಿ ನೀರು ಕುಡಿದಳು.

ಗುರುವಾರದ ಹೊತ್ತಿಗೆ ಹರಳು ಕೂತು, ಹಾರ ಹೊಳಪಾಗಿ, ಯಜಮಾನಿಯ ಮೇಜಿನ ಮೇಲೆ ಪೆಟ್ಟಿಗೆಯಲ್ಲಿತ್ತು. ಐದು ಗಂಟೆಗೆ ಹೆಡ್‌ಮಿಸ್ಸು ಬರುತ್ತಾರೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಜರಡಿಯವಳು ಸುಮ್ಮನೆ ಮಾತಿಗೆ ಮಾತು ಸೇರಿಸಿದಳು: "ಆ ವ್ಯಾಪಾರಿ ಈ ಸಲ ಟೋಪಿ ಹಾಕಿದ ಕಣೇ. ಹೊಸ ರಾಶೀಲಿ ಎರಡು ನಾಲಿಗೆಯವು ನಾಲ್ಕು ಸಿಕ್ಕಿವೆ. ಕಟ್ಟೋನು ದೀಪದಲ್ಲಿ ಹಿಡಿದ. ಬೇರೆ ಇಟ್ಟಿದ್ದೀನಿ."

ಜೋಡಿಯಕ್ಕನ ಕೈಯ ತುತ್ತು ಡಬ್ಬಿಗೇ ವಾಪಸ್ ಹೋಯಿತು.

ಹೊಸ ರಾಶಿ. ಹಾರದ ಹರಳೂ ಅದೇ ರಾಶಿಯದು. ನಲವತ್ತರಲ್ಲಿ ನಾಲ್ಕು ಎಂದರೆ ತನ್ನದೂ ಅಂಥದ್ದೇ ಆಗಬೇಕೆಂದೇನಿಲ್ಲ ಎಂದು ಲೆಕ್ಕ ಹಾಕಿದಳು. ಆಗಬಾರದೆಂದೂ ಇಲ್ಲ ಎಂದು ಅದೇ ಲೆಕ್ಕ ತಿರುಗಿ ಹೇಳಿತು. ಮದುವೆಯ ಊಟದ ಹಜಾರ, ತುಂಬ ಹಳದಿ ದೀಪ, ಹುಡುಗನ ಚಿಕ್ಕಮ್ಮ ಬಗ್ಗಿ ಹಾರ ನೋಡುತ್ತಿದ್ದಾಳೆ, ಹದಿನೆಂಟು ನೀಲಿಯ ನಡುವೆ ಒಂದು ನೇರಳೆ, ಹಲ್ಲಿನ ಸಾಲಿನಲ್ಲಿ ಹುಳುಕಿನ ಹಾಗೆ. ದೀಪದಲ್ಲಿ ನೋಡು ಎಂದು ಯಾರನ್ನಾದರೂ ಕೇಳಿದರೆ ಕಿಟಕಿ ಹೋಗುತ್ತದೆ. ಕೇಳದಿದ್ದರೆ ಹೋಗದೆಯೂ ಇರಬಹುದು. ಇರಬಹುದು ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ಮೂರು ಗಂಟೆಯವರೆಗೆ ಕೂತಳು. ಕೆಂಪು ಹರಳಿನ ಪೊಟ್ಟಣ ಮುಂದಿತ್ತು, ಒಂದು ಜೋಡಿಯೂ ಕೂಡಲಿಲ್ಲ.

ಮೂರೂವರೆಗೆ ಎದ್ದು ಯಜಮಾನಿಯ ಮೇಜಿನ ಹತ್ತಿರ ಹೋದಳು. "ಕೊಂಡಿ ಒಂದ್ಸಲ ನೋಡ್ತೀನಿ" ಎಂದು ಪೆಟ್ಟಿಗೆ ಎತ್ತಿಕೊಂಡಳು. ಬರುವಾಗ ಜರಡಿಯವಳ ಭುಜ ಮುಟ್ಟಿ, "ಒಳಗೆ ಬಾ" ಎಂದಳು.

ಒಳಕೋಣೆಯಲ್ಲಿ ಯಾರೂ ಇರಲಿಲ್ಲ. ಜೋಡಿಯಕ್ಕ ಬಾಗಿಲು ಒರಗಿಸಿದಳು.

"ದೀಪ ಹಾಕಿ ನೋಡು."

"ನೀನು ನೋಡಿ ಆಗಿದ್ಯಲ್ಲ."

"ನೋಡಿಲ್ಲ."

ಜರಡಿಯವಳು ಹುಬ್ಬು ಗಂಟಿಕ್ಕಿದಳು. "ಎರಡು ಬೆಳಕೂ ಆಯ್ತು ಅಂದೆ ಯಜಮಾನಿಗೆ. ನಾನೇ ಕೇಳಿಸ್ಕೊಂಡೆ."

"ಸುಳ್ಳು ಹೇಳ್ದೆ. ನನಗೆ ಕಾಣಿಸಲ್ಲ ಕಣೇ. ನೀಲಿ ಕಾಣಿಸಲ್ಲ. ಎಂಟು ತಿಂಗಳಾಯ್ತು."

ಜರಡಿಯವಳು ಸ್ವಿಚ್ ಒತ್ತಿದಳು. ಹಾರವನ್ನು ಬಲ್ಬಿನ ಕೆಳಗೆ ಎತ್ತಿ ಹಿಡಿದಳು. ಜೋಡಿಯಕ್ಕ ಹಾರ ನೋಡಲಿಲ್ಲ, ನೋಡಿಯೂ ಪ್ರಯೋಜನವಿರಲಿಲ್ಲ. ಅವಳು ಜರಡಿಯವಳ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಕಣ್ಣು ಎಡದಿಂದ ಬಲಕ್ಕೆ ಹೋಯಿತು, ಹಿಂದೆ ಬಂತು, ಒಂದು ಕಡೆ ನಿಂತಿತು.

"ಏಳನೇದು" ಎಂದಳು.

"ಏನಾಗಿದೆ?"

"ನೇರಳೆ."

ಹೊರಗೆ ಸಾಣೆ ಚಕ್ರ ಒಂದೇ ಸಮ ಗೊರಗೊರ ಎನ್ನುತ್ತಿತ್ತು. ಜೋಡಿಯಕ್ಕ ಮೇಜಿನ ಅಂಚು ಹಿಡಿದು ನಿಂತಳು. ಜರಡಿಯವಳು ಬೈಯುತ್ತಾಳೆ, ಇಲ್ಲವೇ ಅಯ್ಯೋ ಪಾಪ ಎನ್ನುತ್ತಾಳೆ ಎಂದುಕೊಂಡಿದ್ದಳು. ಅವಳು ಎರಡನ್ನೂ ಮಾಡಲಿಲ್ಲ.

"ಹಾಗಾದ್ರೆ ಎಂಟು ತಿಂಗಳು ನನ್ನ ಹತ್ರ ಜಗಳ ಆಡಿದ್ಯಲ್ಲ, ಅದೆಲ್ಲ ಏನು?"

"ನಿನ್ನ ಕಣ್ಣಲ್ಲಿ ನೋಡ್ತಿದ್ದೆ."

"ನಾನು ಗೆದ್ದೆ ಅಂತ ಮನೇಲಿ ಹೇಳ್ಕೊಂಡಿದ್ದೆ ಕಣೇ" ಎಂದಳು ಜರಡಿಯವಳು. ಅವಳ ದನಿ ಸಣ್ಣಗಾಗಿತ್ತು. "ಗಂಡನಿಗೆ, ಮಗಳಿಗೆ, ಬೀದಿಯವರಿಗೆಲ್ಲ. ಜೋಡಿಯಕ್ಕ ನನ್ನ ಮಾತು ಕೇಳ್ತಾಳೆ ಈಗ, ನನಗೂ ಬಣ್ಣ ಗೊತ್ತು ಅಂತ ಒಪ್ಕೊಂಡಿದ್ದಾಳೆ ಅಂತ. ಒಂದು ಸಲಾನೂ ಗೆದ್ದಿರ್ಲಿಲ್ವಾ ನಾನು?"

"ಎಲ್ಲ ಸಲಾನೂ ನೀನು ಹೇಳಿದ್ದೇ ಸರಿ ಇತ್ತು."

"ಅದು ಬೇರೆ. ಸೋಲೋಕೆ ಎದುರಿಗೆ ಯಾರೂ ಇರ್ಲಿಲ್ವಲ್ಲ" ಎಂದು ಹಾರವನ್ನು ಪೆಟ್ಟಿಗೆಯಲ್ಲಿಟ್ಟಳು. "ಈಗ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

ಒಳಕೋಣೆಯಿಂದ ಯಜಮಾನಿಯ ಮೇಜಿಗೆ ಹದಿನಾಲ್ಕು ಹೆಜ್ಜೆ. ಆ ಹದಿನಾಲ್ಕು ಹೆಜ್ಜೆಯಲ್ಲಿ ಜೋಡಿಯಕ್ಕನ ಕಾಲು ಎರಡು ಸಲ ನಿಂತಿತು. ಹೇಳಿದ್ದು ಮಾತ್ರ ನಾಲ್ಕೇ ಮಾತು. ಯಜಮಾನಿ ಎದ್ದು ಹೋಗಿ ದೀಪದ ಕೆಳಗೆ ತಾವೇ ನೋಡಿದರು. ಬಂದು ಕೂತರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ಕಣ್ಣು ಮಂಜಾಗಿದ್ದಕ್ಕೆ ನಾನು ಯಾರನ್ನೂ ಬೈಯೋಲ್ಲ ಜೋಡಿಯಕ್ಕಾ. ನಮ್ಮಪ್ಪನಿಗೂ ಆಗಿತ್ತು. ದೀಪ ಹಾಕದೆ ಹಾಕಿದೆ ಅಂದ್ರಲ್ಲ, ಅದಕ್ಕೆ ಬೈಬೇಕು. ಏನಂತ ಬೈಲಿ, ನನ್ನನ್ನ ಎತ್ತಿ ಆಡಿಸಿದೋರು ನೀವು."

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಹೆಡ್‌ಮಿಸ್ಸು ಐದಕ್ಕೆ ಹತ್ತು ನಿಮಿಷ ಮೊದಲೇ ಬಂದರು. ಯಜಮಾನಿ ಮುಚ್ಚಿಡಲಿಲ್ಲ, ಒಂದು ಹರಳು ದೀಪದಲ್ಲಿ ಬಣ್ಣ ಬದಲಿಸುತ್ತಿದೆ, ಶನಿವಾರ ಮಧ್ಯಾಹ್ನ ಕೊಡುತ್ತೇವೆ ಎಂದರು. ಹೆಡ್‌ಮಿಸ್ಸು ಜೋಡಿಯಕ್ಕನ ಕಡೆ ತಿರುಗಿ ನೋಡಿದರು. ಲೆಕ್ಕ ತಪ್ಪು ಮಾಡಿದ ಜಾಣ ಹುಡುಗಿಯನ್ನು ನೋಡುವ ನೋಟ. ಆಮೇಲೆ ಮೆಟ್ಟಿಲಿಳಿದು ಹೋದರು. ಶುಕ್ರವಾರ ಬೆಳಗ್ಗೆ ಜರಡಿಯವಳು ಕಿಟಕಿಯಲ್ಲಿ ಕೂತು ಬೇರೆ ಹರಳು ಹೆಕ್ಕಿದಳು, ಹಗಲಿನಲ್ಲಿ ನೋಡಿದಳು, ದೀಪದಲ್ಲಿ ನೋಡಿದಳು, ಮತ್ತೆ ಹಗಲಿನಲ್ಲಿ ನೋಡಿದಳು. ಆಗ ಜೋಡಿಯಕ್ಕ ಮನೆಯಲ್ಲಿದ್ದಳು. ಕಣ್ಣು ತೋರಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದಿದ್ದರು ಯಜಮಾನಿ. ಆಮೇಲೆ ಎಂದರೆ ಯಾವಾಗ, ನೋಡೋಣ ಎಂದರೆ ಏನನ್ನು ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ.

ಗಂಡನಿಗೆ ಹೇಳಲೇಬೇಕಾಯಿತು. ಆತ "ಎಂಟು ತಿಂಗಳು ಬ್ರೇಕಿಲ್ಲದ ಗಾಡಿ ಓಡಿಸಿದ್ಯಲ್ಲೇ" ಎಂದ. ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಚೀಟಿಯನ್ನು ಮಡಿಸಿ ಬಿಚ್ಚುವುದನ್ನು ಕಂಡು, "ಭಯಾನಾ?" ಎಂದು ಕೇಳಿದ.

"ನೀವು ಓಡಿಸಿದ ಬಸ್ಸಲ್ಲಿ ಕೂತವಳಿಗೆ ಇನ್ಯಾವ ಭಯ" ಎಂದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬೆಳಕು ಬಿಟ್ಟು ನೋಡಿ, "ಪೊರೆ, ಎರಡೂ ಕಣ್ಣಿಗೆ. ಬಲಗಡೆಯದು ಚೆನ್ನಾಗಿ ಹಣ್ಣಾಗಿದೆ. ಪೊರೆ ಹಳದಿ ಆಗುತ್ತೆ, ಅದಕ್ಕೇ ನೀಲಿ ಒಳಗೆ ಬರೋಲ್ಲ. ತೆಗೆಯೋದು ಅರ್ಧ ಗಂಟೆ ಕೆಲಸ" ಎಂದರು.

ಜೋಡಿಯಕ್ಕ ಅಮ್ಮನ ವಿಷಯ ಹೇಳಿದಳು, ಹಳದಿ ದಾರ, ಗೋಡೆ, ಚಾಪೆ ಎಲ್ಲ. "ಅದೂ ಇದೇನಾ?"

"ನೋಡದೆ ಹೇಗೆ ಹೇಳ್ಲಿ ಅಮ್ಮಾ. ನೀವು ಹೇಳೋದು ಕೇಳಿದ್ರೆ ಇದೇ ಇರ್ಬೇಕು."

ಅರ್ಧ ಗಂಟೆ. ಹನ್ನೊಂದು ವರ್ಷ. ಜೋಡಿಯಕ್ಕ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಅವಳಿಗೆ ಗೊತ್ತಿದ್ದ ಯಾವ ಬೆಳಕಿನಲ್ಲೂ ಅವು ಜೋಡಿಯಾಗಲಿಲ್ಲ.

ಬಲಗಣ್ಣಿನ ಪಟ್ಟಿ ಬಿಚ್ಚಿದ ಬೆಳಗ್ಗೆ ಅವಳು ರೆಪ್ಪೆ ತೆರೆಯಲೇ ಒಪ್ಪಲಿಲ್ಲ. ನರ್ಸು ಗದರಿದ ಮೇಲೆ ತೆರೆದಳು. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟಿನ ನೀಲಿ ಕಪಾಳಕ್ಕೆ ಹೊಡೆದ ಹಾಗೆ ಬಂದು ಬಿತ್ತು. ಲೋಕದಲ್ಲಿ ಇಷ್ಟು ನೀಲಿ ಇತ್ತೇ ಎಂದು ಹೆದರಿ ಮತ್ತೆ ಮುಚ್ಚಿಕೊಂಡಳು.

ಆರು ವಾರ ಕಳೆದು ಕೆಲಸಕ್ಕೆ ಹೋದಾಗ ಕಿಟಕಿಯ ಕುರ್ಚಿಯ ಮೇಲೆ ಹೊಸ ದಿಂಬು ಇತ್ತು, ದಿಂಬಿನ ಮೇಲೆ ಜರಡಿಯವಳು ಇದ್ದಳು. ಅವಳು ಏಳಲಿಲ್ಲ. "ಬಾ, ಹೇಗಿದೆ ಕಣ್ಣು?" ಎಂದಳು, ಕೂತೇ ಇದ್ದಳು. ಏಳು ಎಂದು ಹೇಳುವ ಮುಖ ಜೋಡಿಯಕ್ಕನಿಗೂ ಇರಲಿಲ್ಲ. ಯಜಮಾನಿ ಬಂದು, ಇನ್ನು ಮೇಲೆ ಹೊರಗೆ ಹೋಗುವ ಪ್ರತಿಯೊಂದು ಜೋಡಿಯನ್ನೂ ನೀವೇ ದೀಪದಲ್ಲಿ ನೋಡಬೇಕು, ನೀವು ಸರಿ ಎಂದರೆ ಮಾತ್ರ ಪೊಟ್ಟಣ ಕಟ್ಟುವುದು ಎಂದ ಮೇಲೆ ಗೊತ್ತಾಯಿತು, ಅವಳ ಜಾಗ ಒಳಕೋಣೆ ಎಂದು. ಕಿಟಕಿಯಿಲ್ಲ. ಹಳೆಯ ಬಲ್ಬು, ಒಂದು ಮೇಜು, ಬಿಳಿ ಕಾಗದ. ಅದು ಶಿಕ್ಷೆಯೋ ನಂಬಿಕೆಯೋ ಎಂದು ಅವಳು ಬಹಳ ದಿನ ಯೋಚಿಸಿದಳು. ಸಂಬಳ ಅಷ್ಟೇ ಇತ್ತು.

ಅಲ್ಲಿ ಕೂತ ಮೊದಲ ದಿನ ತನಗಾಗಿ ಒಂದು ಗೋಮೇಧಕ ತರಿಸಿಕೊಂಡು ನೋಡಿದಳು. ಹೊಸ ಕಣ್ಣಿನಲ್ಲಿ ಅದರ ಜೇನು ತೆಳ್ಳಗಾಗಿ, ಚಹಾದ ಲೋಟ ತೊಳೆದ ನೀರಿನ ಹಾಗೆ ಕಂಡಿತು. ಹಳೆಯ ಕಣ್ಣಿನಲ್ಲಿ ಇನ್ನೂ ಗಟ್ಟಿ ಜೇನು. ಎಷ್ಟು ವರ್ಷದಿಂದ ತಾನು ಇಷ್ಟಪಟ್ಟದ್ದು ಹರಳನ್ನೋ, ಪೊರೆಯನ್ನೋ? ಎಡಗಣ್ಣಿನ ಪೊರೆ ತೆಗೆಯಲು ಡಾಕ್ಟರು ಕೊಟ್ಟ ತಾರೀಕು ಮುಂದೆ ಎರಡು ಸಲ ದಾಟಿತು. ಗಂಡ ಕೇಳಿದರೆ ಬೇರೆ ಏನೋ ಕಾರಣ ಹೇಳಿದಳು.

ಒಳಕೋಣೆಯಲ್ಲಿ ಕೂತ ಮೂರನೆಯ ದಿನ ಜರಡಿಯವಳು ತಾನೇ ಒಂದು ಪೊಟ್ಟಣ ತಂದು ಮುಂದಿಟ್ಟಳು. ಎರಡು ನೀಲ, ಕಿವಿಗೆ. "ಇದು ಬೇಗ ಹೋಗ್ಬೇಕು" ಎಂದಳು.

ಜೋಡಿಯಕ್ಕ ಬಲ್ಬಿನ ಕೆಳಗೆ ಇಟ್ಟಳು. ಎಡಗಣ್ಣು ಮುಚ್ಚಿ ನೋಡಿದಳು. ಒಂದರ ಅಂಚಿನಲ್ಲಿ ನೇರಳೆಯ ನೆರಳು, ಇತ್ತೋ ಇಲ್ಲವೋ ಎನ್ನುವಷ್ಟು. ಹರಳಿನದೋ, ಇನ್ನೂ ಪಳಗದ ಕಣ್ಣಿನದೋ? ದೀಪ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿದಳು. ಹರಳುಗಳ ಜಾಗ ಬದಲಿಸಿ ನೋಡಿದಳು.

"ಇದು ಬೇಡ" ಎಂದಳು.

"ಯಾಕೆ? ಕಿಟಕೀಲಿ ಎರಡು ದಿನ ನೋಡಿದ್ದೀನಿ."

"ಎಡಗಡೆಯದು ತಿರುಗುತ್ತೆ."

"ತಿರುಗಲ್ಲ. ಕಟ್ಟೋನೂ ನೋಡಿದ್ದಾನೆ. ನಿನ್ನ ಕಣ್ಣು ಇನ್ನೂ ಹೊಸದು, ಅದಕ್ಕೆ ಎಲ್ಲ ಜಾಸ್ತಿ ಕಾಣುತ್ತೆ."

ಹೌದಿರಬಹುದು ಎನಿಸಿತು. ಒಂದು ಸಲ ತಪ್ಪು ಹೇಳಿದ ಬಾಯಿ, ಈಗ ಇದೂ ತಪ್ಪಾದರೆ ಈ ಮೇಜೂ ಇಲ್ಲ. ಸರಿ ಎಂದುಬಿಟ್ಟರೆ ಜರಡಿಯವಳು ನಕ್ಕು ಹೋಗುತ್ತಾಳೆ, ಮಾತುಕತೆ ಮೊದಲಿನ ಹಾಗಾಗುತ್ತದೆ. ಜೋಡಿಯಕ್ಕ ಎರಡು ಹರಳನ್ನೂ ಚಿಮಟದಿಂದ ಅವಳ ಕಡೆಗೆ ಸರಿಸಿದಳು.

"ಬೇಡ ಕಣೇ. ನಾನು ಸರಿ ಅನ್ನೋಲ್ಲ."

ಜರಡಿಯವಳು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಹರಳುಗಳನ್ನು ಪೊಟ್ಟಣಕ್ಕೆ ಸುರಿದುಕೊಂಡು ಕಿಟಕಿಯ ಕಡೆಗೆ ಹೊರಟುಹೋದಳು. ಜೋಡಿಯಕ್ಕ ಮುಂದಿನ ಪೊಟ್ಟಣ ಬಿಚ್ಚಿದಳು.